ಹಳದಿ ಹರಳಿನ ಬಾಟಲಿಯನ್ನು ಅಲುಗಾಡಿಸಬೇಡಿ

ಓದುಗರ ಪ್ರಶ್ನೆಗಳಿಗೆ ಶಿವಮೊಗ್ಗದ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿಯ ಉತ್ತರ

ಉರಿಯುತ್ತಿರುವ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ಸುರಿಯಬೇಡಿ, ಆರಿಸಿ, ತಣ್ಣಗಾದ ಮೇಲೆ ತುಂಬಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರಗಳು ಬರುತ್ತವೆ ಎಂದು ಎಣಿಸಿರಲಿಲ್ಲ. ಎಲ್ಲವನ್ನೂ ಒಂದೇ ಕಂತಿನಲ್ಲಿ ಮುಗಿಸಿ ಎಂಬುದು ಸಂಪಾದಕರ ಅಪ್ಪಣೆ. ಹಾಗಾಗಿ ಕೆಲವರಿಗೆ ಪುಟಗಟ್ಟಲೆ ಉತ್ತರ ಸಿಗುತ್ತದೆ, ಕೆಲವರಿಗೆ ನಾಲ್ಕು ಸಾಲು. ಯಾರೂ ಬೇಸರಿಸಬಾರದು.

ಪ್ರಶ್ನೆ: ಈ ವರ್ಷ ಒಂದು ಹಳೆಯ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ವರ್ಗವಾಗಿ ಬಂದಿದ್ದೇನೆ. ಪ್ರಯೋಗಾಲಯದ ಕಪಾಟನ್ನು ಎಷ್ಟೋ ವರ್ಷಗಳಿಂದ ಯಾರೂ ತೆರೆದಂತಿಲ್ಲ. ಅರ್ಧಕ್ಕರ್ಧ ಬಾಟಲಿಗಳಿಗೆ ಹೆಸರಿಲ್ಲ. ಒಂದರಲ್ಲಿ ಹಳದಿ ಹರಳುಗಳಿವೆ, ಮುಚ್ಚಳ ತಗಡಿನದು, ತುಕ್ಕು ಹಿಡಿದಿದೆ. ಇಲಾಖೆಯವರು ತಪಾಸಣೆಗೆ ಬರುವ ಮುಂಚೆ ಎಲ್ಲವನ್ನೂ ಹಿತ್ತಲಿನ ಗುಂಡಿಗೆ ಸುರಿದು ಮಣ್ಣು ಮುಚ್ಚಿಬಿಡಿ ಎನ್ನುತ್ತಾರೆ ಮುಖ್ಯೋಪಾಧ್ಯಾಯರು. ಏನು ಮಾಡಲಿ ಮೇಡಂ?
– ಒಬ್ಬ ಶಿಕ್ಷಕಿ, ಹೊಸನಗರ ತಾಲ್ಲೂಕು

ಉತ್ತರ: ಮೊದಲನೆಯದಾಗಿ, ಆ ಹಳದಿ ಬಾಟಲಿಯನ್ನು ಮುಟ್ಟಬೇಡಿ. ಮುಚ್ಚಳ ತಿರುಗಿಸುವುದಂತೂ ದೂರದ ಮಾತು, ಪಕ್ಕಕ್ಕೆ ಸರಿಸುವುದೂ ಬೇಡ. ಅದು ಗಂಧಕವೋ ಪೊಟ್ಯಾಸಿಯಂ ಕ್ರೋಮೇಟೋ ಆಗಿದ್ದರೆ ನನ್ನ ಗಾಬರಿ ಹೆಚ್ಚಾಯಿತು ಎಂದು ನಕ್ಕುಬಿಡಿ. ಪಿಕ್ರಿಕ್ ಆಮ್ಲ ಆಗಿದ್ದರೆ ನಗುವ ವಿಷಯವಲ್ಲ. ಒದ್ದೆಯಾಗಿರುವಷ್ಟು ಕಾಲ ಪಿಕ್ರಿಕ್ ಆಮ್ಲ ಸಾಧು. ಅದಕ್ಕಾಗಿಯೇ ತಯಾರಕರು ಅದನ್ನು ಮೂರನೆಯ ಒಂದು ಪಾಲಿನಷ್ಟು ನೀರು ಸೇರಿಸಿ ಮಾರುತ್ತಾರೆ. ವರ್ಷಗಳು ಕಳೆದು ಆ ನೀರು ಆರಿತೆಂದರೆ ಅದು ಸಿಡಿಮದ್ದು. ಪೆಟ್ಟು, ಉಜ್ಜಾಟ, ಶಾಖ ಯಾವುದಾದರೂ ಸಾಕು. ಮುಚ್ಚಳ ಲೋಹದ್ದಾದರೆ ಇನ್ನೂ ಕೆಟ್ಟದ್ದು: ಆಮ್ಲ ಲೋಹವನ್ನು ತಿಂದು ಪಿಕ್ರೇಟ್ ಎಂಬ ಲವಣವಾಗುತ್ತದೆ, ಅದಕ್ಕೆ ಮೂಲದ ಆಮ್ಲಕ್ಕಿಂತ ಸಿಟ್ಟು ಹೆಚ್ಚು. ಮುಚ್ಚಳದ ಸುರುಳಿಯಲ್ಲಿ ಕೂತ ಅಂಥ ಪುಡಿ, ನೀವು ಮುಚ್ಚಳ ತಿರುಗಿಸಿದಾಗ ಎರಡು ಗಟ್ಟಿ ಮೈಗಳ ನಡುವೆ ಅರೆಯುತ್ತದೆ. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸಿಡಿದು 1,700ಕ್ಕೂ ಹೆಚ್ಚು ಜನರನ್ನು ಕೊಂದ ಹಡಗಿನ ಸರಕಿನಲ್ಲಿ ಇದೇ ಪಿಕ್ರಿಕ್ ಆಮ್ಲ ಟನ್ನುಗಟ್ಟಲೆ ಇತ್ತು.

ಇಂಥದ್ದು ನಮ್ಮ ಹಳ್ಳಿಯ ಶಾಲೆಗೆ ಎಲ್ಲಿಂದ ಬಂತು ಎನ್ನಬೇಡಿ. ಜೀವಶಾಸ್ತ್ರದವರು ಅಂಗಾಂಶಗಳನ್ನು ಕೆಡದಂತೆ ಇಡುವ ದ್ರಾವಣಕ್ಕೆ ಅದನ್ನು ಬಳಸುತ್ತಿದ್ದರು. ಪದವಿಪೂರ್ವ ಕಾಲೇಜುಗಳ ಓದುಗರೂ ಕಿವಿಗೊಡಿ: ಆಲ್ಡಿಹೈಡ್, ಕೀಟೋನ್ ಪತ್ತೆಗೆ ನಾವೆಲ್ಲ ಬಳಸುವ 2,4-ಡೈನೈಟ್ರೋಫೀನೈಲ್ ಹೈಡ್ರಜೀನ್, ಅಂದರೆ 2,4-ಡಿಎನ್‌ಪಿಯೂ ಒಣಗಿದರೆ ಇದೇ ಜಾತಿಯದು. 2016ರಲ್ಲಿ ಬ್ರಿಟನ್ನಿನ ಶಾಲೆಗಳಲ್ಲಿ ಒಣಗಿ ಕೂತಿದ್ದ ಅದರ ಬಾಟಲಿಗಳನ್ನು ನಾಶ ಮಾಡಲು ಸೈನ್ಯದ ಬಾಂಬ್ ನಿಷ್ಕ್ರಿಯ ತಂಡಗಳೇ ಶಾಲೆಯಿಂದ ಶಾಲೆಗೆ ಹೋಗಬೇಕಾಯಿತು.

ಹಾಗಾದರೆ ಮುಟ್ಟದೆ ತಿಳಿಯುವುದು ಹೇಗೆ? ದಾಸ್ತಾನು ಪುಸ್ತಕ ಹುಡುಕಿ. ಹಳೆಯ ಶಾಲೆಗಳಲ್ಲಿ ರಾಸಾಯನಿಕ ಕಳೆದುಹೋದರೂ ಪುಸ್ತಕ ಕಳೆದುಹೋಗಿರುವುದಿಲ್ಲ. ಲೆಕ್ಕಪರಿಶೋಧನೆಯ ಭಯ ಅಂಥದ್ದು. ಅದರಲ್ಲಿ ಪಿಕ್ರಿಕ್ ಆಮ್ಲ ಬಂದದ್ದು ಇದ್ದು, ಮುಗಿದದ್ದು ಇಲ್ಲದಿದ್ದರೆ ನಿಮಗೆ ಉತ್ತರ ಸಿಕ್ಕಿತು. ಆಮೇಲೆ ಬ್ಯಾಟರಿ ಹಿಡಿದು, ಕೈ ಹಾಕದೆ, ಗಾಜಿನ ಹೊರಗಿನಿಂದ ನೋಡಿ. ಹರಳು ಪುಡಿಪುಡಿಯಾಗಿ ಒಣಗಿದೆಯೇ, ಮುಚ್ಚಳದ ಅಂಚಿನಲ್ಲಿ ಹಳದಿ ಕಾಣುತ್ತಿದೆಯೇ ಎಂಬುದಷ್ಟನ್ನು ಗಮನಿಸಿ. ಅನುಮಾನ ಉಳಿದರೆ ಕೊಠಡಿಗೆ ಬೀಗ ಹಾಕಿ, ಮಕ್ಕಳನ್ನು ಆ ಗೋಡೆಯ ಪಕ್ಕ ಕೂರಿಸದೆ, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಪೊಲೀಸ್ ಠಾಣೆಗೆ ಬರೆದು ಕೊಡಿ. ಬಾಂಬ್ ನಿಷ್ಕ್ರಿಯ ದಳವನ್ನು ಕರೆಸುವುದು ಅವರ ಕೆಲಸ. ಮುಜುಗರವೆನಿಸಬಹುದು, ಆಗಲಿ.

ಇನ್ನು ಉಳಿದ ಬಾಟಲಿಗಳು. ಎಣ್ಣೆಯೊಳಗೆ ಮುಳುಗಿದ ಬೂದು ತುಂಡುಗಳಿದ್ದರೆ ಅದು ಸೋಡಿಯಂ. ಎಣ್ಣೆ ಇಳಿದಿದ್ದರೆ ತುಂಡು ಮುಳುಗುವಷ್ಟು ತುಂಬಿ. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿರುವ ಈಗ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಕೂಡ ನಡೆಯುತ್ತದೆ. ತುಂಡಿನ ಮೇಲೆ ಹಳದಿ ಅಥವಾ ಕಿತ್ತಳೆ ಹೊಪ್ಪಳೆ ಎದ್ದಿದ್ದರೆ ಅದು ಪೊಟ್ಯಾಸಿಯಂ ಆಗಿರಬಹುದು. ಅದನ್ನು ಚಾಕುವಿನಿಂದ ಕೊಯ್ಯಲು ಹೋಗಬೇಡಿ. ಆ ಹೊಪ್ಪಳೆಯಲ್ಲಿರುವುದು ಸೂಪರ್ ಆಕ್ಸೈಡ್, ಚಾಕು ಒತ್ತಿದರೆ ಎಣ್ಣೆಯ ಜೊತೆ ಸೇರಿ ಸಿಡಿಯುತ್ತದೆ. ಈಥರ್ ಬಾಟಲಿ ಇದ್ದು, ತೆರೆದು ವರ್ಷ ದಾಟಿದ್ದರೆ, ತಳದಲ್ಲೋ ಕತ್ತಿನಲ್ಲೋ ಹರಳು ಕಂಡರೆ ಅದನ್ನೂ ಹಳದಿ ಬಾಟಲಿಯಂತೆಯೇ ಮುಟ್ಟದೆ ಬಿಡಿ. ನಡುವೆ ಬಿಳಿ ಚಕ್ರವಿರುವ ಹಳೆಯ ತಂತಿಬಲೆಗಳಿದ್ದರೆ, ಆ ಬಿಳಿಯದು ಕಲ್ನಾರು (ಆಸ್ಬೆಸ್ಟಾಸ್) ಆಗಿರುವ ಸಾಧ್ಯತೆಯೇ ಹೆಚ್ಚು. ಉದುರುತ್ತಿದ್ದರೆ ನೀರು ಚಿಮುಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಇಡಿ.

ಹಿತ್ತಲ ಗುಂಡಿಯ ಸಲಹೆಗೆ ಬರೋಣ. ನಿಮ್ಮ ಶಾಲೆಯ ಬಾವಿ ಹಿತ್ತಲಿನಿಂದ ಎಷ್ಟು ದೂರ? ನಮ್ಮ ಕಡೆಯದು ಜಂಬಿಟ್ಟಿಗೆ ನೆಲ, ತೂತುತೂತು. ಆಷಾಢದಲ್ಲಿ ಗುಂಡಿಗೆ ಬಿದ್ದದ್ದು ಶ್ರಾವಣಕ್ಕೆ ಬಾವಿಯಲ್ಲಿರುತ್ತದೆ. ಸೀಸ, ಪಾದರಸ, ಕ್ರೋಮಿಯಂ ಮಣ್ಣಿನಲ್ಲಿ ಕೊಳೆತು ಇಲ್ಲವಾಗುವ ವಸ್ತುಗಳಲ್ಲ. ಜೊತೆಗೆ, ಒಂದೇ ಗುಂಡಿಗೆ ಸುರಿದಾಗ ಯಾವುದು ಯಾವುದರ ಜೊತೆ ಸೇರುತ್ತದೆ ಎಂದು ದೇವರೇ ಬಲ್ಲ. ಹೆಸರು ಗೊತ್ತಿರುವ ಆಮ್ಲ, ಕ್ಷಾರಗಳನ್ನು ಮಾತ್ರ ತುಂಬ ನೀರಿನಲ್ಲಿ ತೆಳುಗೊಳಿಸಿ, ಆಮ್ಲಕ್ಕೆ ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ, ನೊರೆ ನಿಂತ ಮೇಲೆ ಮೋರಿಗೆ ಬಿಡಬಹುದು. ಉಳಿದದ್ದರ ಪಟ್ಟಿ ಮಾಡಿ, ಹೆಸರಿಲ್ಲದ್ದಕ್ಕೆ ‘ಗೊತ್ತಿಲ್ಲ, ಬಿಳಿ ಪುಡಿ, ಸುಮಾರು ಇಷ್ಟು’ ಎಂದೇ ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೂ ಹತ್ತಿರದ ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೂ ಕಳಿಸಿ. ಅಪಾಯಕಾರಿ ತ್ಯಾಜ್ಯದ ವಿಲೇವಾರಿಗೆ 2016ರ ಕೇಂದ್ರ ನಿಯಮಗಳಿವೆ. ಗುಂಡಿ ತೋಡುವುದು ಅವುಗಳಲ್ಲಿ ಇಲ್ಲ ಎಂದು ಮುಖ್ಯೋಪಾಧ್ಯಾಯರಿಗೆ ವಿನಯದಿಂದ ಹೇಳಿ. ತಪಾಸಣೆಗೆ ಬಂದವರಿಗೆ ಖಾಲಿ ಕಪಾಟಿನ ಬದಲು ಆ ಪಟ್ಟಿ ತೋರಿಸಿ. ಅವರಿಗೂ ಒಂದು ಹೊಸ ಅನುಭವವಾಗಲಿ.

ಪ್ರಶ್ನೆ: ನಮ್ಮದು ಆಗುಂಬೆ ಸೀಮೆ. ಮಳೆಗಾಲ ಬಂತೆಂದರೆ ಲ್ಯಾಬಿನ ಬಾಟಲಿಗಳ ಚೀಟಿಗಳೆಲ್ಲ ಬೂಷ್ಟು ಹಿಡಿದು ಉದುರುತ್ತವೆ, ಕಾಸ್ಟಿಕ್ ಸೋಡಾ ನೀರಾಗುತ್ತದೆ, ಎಲ್ಲ ಬಾಟಲಿಗಳ ಮೇಲೂ ಬಿಳಿ ಪುಡಿ ಕೂರುತ್ತದೆ. ಪರಿಹಾರವಿದೆಯೇ?
– ಒಬ್ಬ ಉಪನ್ಯಾಸಕ

ಉತ್ತರ: ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿದ್ದೀರಿ, ಪುಸ್ತಕ ಬರೆದವರು ನಿಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿಲ್ಲ. ಆ ಬಿಳಿ ಪುಡಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಕೊಳೆಯಲ್ಲ, ದೂರು. ಹೈಡ್ರೋಕ್ಲೋರಿಕ್ ಆಮ್ಲವನ್ನೂ ಅಮೋನಿಯಾವನ್ನೂ ಒಂದೇ ಕಪಾಟಿನಲ್ಲಿ ಇಟ್ಟಿದ್ದೀರಿ. ಎರಡರ ಆವಿಯೂ ಮುಚ್ಚಳದ ಸಂದಿಯಿಂದ ಹೊರಬಂದು ಗಾಳಿಯಲ್ಲಿ ಸೇರಿ ಅಮೋನಿಯಂ ಕ್ಲೋರೈಡ್ ಆಗಿ ಎಲ್ಲದರ ಮೇಲೂ ಕೂರುತ್ತದೆ. ಎಂದರೆ ಮುಚ್ಚಳಗಳು ಸೋರುತ್ತಿವೆ, ಆ ಗಾಳಿಯನ್ನೇ ನೀವೂ ಉಸಿರಾಡುತ್ತಿದ್ದೀರಿ. ಇವೆರಡನ್ನೂ ಬೇರೆ ಬೇರೆ ಕಪಾಟಿಗೆ ಕಳಿಸಿ. ಆಮ್ಲವನ್ನು ಕಬ್ಬಿಣದ ಬೀರುವಿನಲ್ಲಿ ಇಡಬೇಡಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆಯ ಕೀಲು ತಿಂದು ಹಾಕುತ್ತದೆ. ನೆಲಮಟ್ಟದ ಗೂಡಿನಲ್ಲಿ, ಆಳವಾದ ಪ್ಲಾಸ್ಟಿಕ್ ಟ್ರೇಯಲ್ಲಿ ಇಡಿ. ಬಾಟಲಿ ಒಡೆದರೂ ಟ್ರೇಯಲ್ಲೇ ನಿಲ್ಲುತ್ತದೆ. ಕಣ್ಣಿನ ಮಟ್ಟಕ್ಕಿಂತ ಮೇಲೆ ಯಾವ ದ್ರವವೂ ಬೇಡ.

ಬಾಟಲಿಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಜೋಡಿಸುವ ಶಿಸ್ತು ಬಹಳ ಕಾಲೇಜುಗಳಲ್ಲಿದೆ. ನೋಡಲು ಚೆಂದ. ಅಸಿಟೋನ್ ಪಕ್ಕ ಅಮೋನಿಯಂ ನೈಟ್ರೇಟ್ ಬಂದು ಕೂರುತ್ತದೆ, ಬೇಗ ಉರಿಯುವುದರ ಮಗ್ಗುಲಿಗೆ ಉರಿಗೆ ಆಮ್ಲಜನಕ ಒದಗಿಸುವುದು. ಕುಲ ನೋಡಿ ಜೋಡಿಸಿ: ಉರಿಯುವ ದ್ರಾವಕಗಳು ಒಂದು ಕಡೆ, ನೈಟ್ರೇಟ್, ಕ್ಲೋರೇಟ್, ಪರ್ಮಾಂಗನೇಟ್ ಇನ್ನೊಂದು ಕಡೆ, ಆಮ್ಲಗಳು ಬೇರೆ, ಕ್ಷಾರಗಳು ಬೇರೆ. ಆಮ್ಲಗಳಲ್ಲೂ ನೈಟ್ರಿಕ್ ಆಮ್ಲ ಮತ್ತು ಗ್ಲೇಸಿಯಲ್ ಅಸಿಟಿಕ್ ಆಮ್ಲ ಒಟ್ಟಿಗೆ ಬೇಡ. ಮನುಷ್ಯರನ್ನು ಹೀಗೆ ವಿಂಗಡಿಸಬಾರದು, ಬಾಟಲಿಗಳನ್ನು ವಿಂಗಡಿಸಲೇಬೇಕು.

ಚೀಟಿಗೆ ಪೆನ್ನು ಬಳಸಬೇಡಿ, ಪೆನ್ಸಿಲ್ ಬಳಸಿ. ಸೀಸದಕಡ್ಡಿಯ ಬರಹವನ್ನು ನೀರೂ ಅಳಿಸುವುದಿಲ್ಲ, ಆಮ್ಲದ ಆವಿಯೂ ಅಳಿಸುವುದಿಲ್ಲ. ಅಂಟಿಸಿದ ಮೇಲೆ ಕರಗಿದ ಮೇಣದ ಬತ್ತಿಯ ಮೇಣವನ್ನು ಚೀಟಿಯ ಅಂಚು ದಾಟುವಂತೆ ತೆಳುವಾಗಿ ಬಳಿಯಿರಿ. ಗೋಂದಿನ ಆಸೆಗೆ ಬರುವ ಜಿರಳೆಯೂ ಹಿಂದಿರುಗುತ್ತದೆ. ಮೇಣವನ್ನು ಬೇರೆ ಕಡೆ ಕರಗಿಸಿ ತನ್ನಿ, ಸ್ಪಿರಿಟ್ ಬಾಟಲಿಯ ಪಕ್ಕ ಬೆಂಕಿ ಹಚ್ಚಬೇಡಿ ಎಂದು ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ. ಚೀಟಿಯಲ್ಲಿ ಹೆಸರಿನ ಜೊತೆ ಬಂದ ದಿನಾಂಕ, ತೆರೆದ ದಿನಾಂಕ ಎರಡೂ ಇರಲಿ. ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಗಾಜಿನ ಬಿರಡೆ ಹಾಕಿದರೆ ಅದು ಗಾಜನ್ನೇ ಕರಗಿಸಿ ಬಿರಡೆಯನ್ನು ಬೆಸೆದುಬಿಡುತ್ತದೆ. ಆಮೇಲೆ ಬಡಿದು ಬಿಡಿಸಲು ಹೋಗಿ ಕತ್ತು ಮುರಿಯುತ್ತದೆ, ಬಾಟಲಿಯದು. ರಬ್ಬರ್ ಬಿರಡೆ ಅಥವಾ ಪ್ಲಾಸ್ಟಿಕ್ ಬಾಟಲಿ ಬಳಸಿ. ಕ್ಯಾಲ್ಸಿಯಂ ಕಾರ್ಬೈಡ್ ಇದ್ದರೆ ಮಳೆಗಾಲಕ್ಕೆ ಉಳಿಸಿಕೊಳ್ಳದಿರುವುದೇ ಲೇಸು. ತೇವ ತಗುಲಿದರೆ ಅಸಿಟಿಲೀನ್ ಅನಿಲ ಬರುತ್ತದೆ, ಅದಕ್ಕೆ ಸ್ವಿಚ್ಚಿನ ಕಿಡಿ ಸಾಕು.

ಪ್ರಶ್ನೆ: ಇದು ಲ್ಯಾಬಿನ ವಿಷಯವಲ್ಲ, ಕ್ಷಮಿಸಿ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೆವು. ಅದು ಸಾಲದೆಂದು ನಮ್ಮ ಮನೆಯವರು ಅದರ ಮೇಲೇ ಶೌಚಾಲಯ ತೊಳೆಯುವ ಆಸಿಡ್ ಸುರಿದರು. ಹಸಿರು ಹೊಗೆಯಂಥದ್ದು ಎದ್ದು ಇಬ್ಬರಿಗೂ ಎರಡು ದಿನ ಕೆಮ್ಮು. ಏಕೆ?
– ಗೃಹಿಣಿ, ಕೊಪ್ಪ

ಉತ್ತರ: ಲ್ಯಾಬಿನ ವಿಷಯವೇ ತಾಯಿ, ಲ್ಯಾಬು ನಿಮ್ಮ ಅಂಗಳಕ್ಕೆ ಬಂದಿತ್ತು ಅಷ್ಟೆ. ಬ್ಲೀಚಿಂಗ್ ಪುಡಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೈನ್ಯ ಶತ್ರುಗಳ ಕಂದಕಗಳ ಮೇಲೆ ಬಿಟ್ಟದ್ದು ಇದನ್ನೇ. ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಹಾಗಾಗಿ ಬಗ್ಗಿ ಉಜ್ಜುವವರ ಮೂಗಿಗೇ ಮೊದಲು. ತೆರೆದ ಅಂಗಳವಾದ್ದರಿಂದ ಕೆಮ್ಮಿನಲ್ಲಿ ಮುಗಿಯಿತು. ಇದನ್ನೇ ಬಾಗಿಲು ಹಾಕಿದ ಬಚ್ಚಲಿನಲ್ಲಿ ಮಾಡಿದವರು ಆಸ್ಪತ್ರೆ ಸೇರಿದ್ದಾರೆ. ಎರಡನ್ನು ಒಂದೇ ದಿನ ಒಂದೇ ಜಾಗದಲ್ಲಿ ಬಳಸಬೇಡಿ. ಮತ್ತೆ ಹೀಗಾದರೆ ನೀರು ಹೊಯ್ಯಲು ನಿಲ್ಲದೆ ದೂರ ಹೋಗಿ. ಉಸಿರು ಕಟ್ಟಿದಂತೆ ಅಥವಾ ಎದೆ ಬಿಗಿದಂತೆ ಅನಿಸಿದರೆ, ಅದು ಕೆಲವು ಗಂಟೆ ಬಿಟ್ಟು ಆದರೂ ಸರಿ, ವೈದ್ಯರ ಬಳಿ ಹೋಗಿ. ಪಾಚಿಗೆ ಹಳೆಯ ತೆಂಗಿನ ಪೊರಕೆ ಮತ್ತು ಮನೆಯವರ ತೋಳು ಸಾಕು.

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಪ್ರಯೋಗಾಲಯದ ಅಟೆಂಡರ್. ಆಸಿಡ್ ಬೆರೆಸುವುದು, ಬಾಟಲಿ ಹೊರುವುದು ಎಲ್ಲ ನನ್ನದೇ. ಕಳೆದ ತಿಂಗಳು ಸಲ್ಫ್ಯೂರಿಕ್ ಆಸಿಡ್ ಮುಂಗೈಗೆ ಬಿತ್ತು. ಒಬ್ಬರು ಬಟ್ಟೆಯಲ್ಲಿ ಒರೆಸು ಎಂದರು, ಒಬ್ಬರು ಸೋಡಾ ಪುಡಿ ಹಚ್ಚು ಎಂದರು, ಒಬ್ಬರು ನೀರು ತಾಗಿಸಲೇಬೇಡ, ಕುದಿಯುತ್ತದೆ ಎಂದರು. ಯಾವುದು ಸರಿ? ಕೈಗವಸು ಕೇಳಿದರೆ ಹುಡುಗರಿಗೆ ಇಲ್ಲದ್ದು ನಿನಗೇಕೆ ಎನ್ನುತ್ತಾರೆ.
– ಹೆಸರು ಬೇಡ, ಸಾಗರ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂವರು ಸಲಹೆ ಕೊಡಲು ಇದ್ದರು, ನಲ್ಲಿ ತಿರುಗಿಸಲು ಒಬ್ಬರೂ ಇರಲಿಲ್ಲ.

ನೀರು. ತಕ್ಷಣ, ಧಾರಾಳವಾಗಿ, ಹರಿಯುವ ನಲ್ಲಿಯ ಕೆಳಗೆ, 20 ನಿಮಿಷ. ಬಟ್ಟೆ ಹುಡುಕುತ್ತಾ ಹೋದ ಅರ್ಧ ನಿಮಿಷದಲ್ಲಿ ಆಮ್ಲ ತನ್ನ ಕೆಲಸ ಮಾಡಿರುತ್ತದೆ. ನೀರು ತಾಗಿದರೆ ಕುದಿಯುತ್ತದೆ ಎಂದವರು ಅರ್ಧ ಸತ್ಯ ಹೇಳಿದ್ದಾರೆ: ಚಿಮುಕಿಸಿದಷ್ಟು ನೀರು ಬಿದ್ದರೆ ಬಿಸಿಯಾಗುವುದು ನಿಜ, ಸುರಿಯುವ ನೀರು ಆ ಬಿಸಿಯನ್ನೂ ಆಮ್ಲವನ್ನೂ ಒಟ್ಟಿಗೆ ಹೊತ್ತೊಯ್ಯುತ್ತದೆ. ಸೋಡಾ ಪುಡಿ ಮೇಜಿನ ಮೇಲೆ ಚೆಲ್ಲಿದ ಆಮ್ಲಕ್ಕೆ, ಚರ್ಮಕ್ಕಲ್ಲ. ಗಾಯದ ಮೇಲೆಯೇ ರಾಸಾಯನಿಕ ಕ್ರಿಯೆ ನಡೆಸಿ ಇನ್ನಷ್ಟು ಶಾಖ ಹುಟ್ಟಿಸುವುದೇಕೆ? ಗಡಿಯಾರ, ಉಂಗುರ, ಬಳೆ, ಆಮ್ಲ ನೆನೆದ ಅಂಗಿ ಎಲ್ಲವನ್ನೂ ನೀರಿನ ಕೆಳಗಿರುವಾಗಲೇ ತೆಗೆಯಬೇಕು. ಅರಿಸಿನ, ಟೂತ್‌ಪೇಸ್ಟ್, ಕಾಫಿಪುಡಿ ಯಾವುದೂ ಬೇಡ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಹಿಡಿದು ಅಷ್ಟೇ ಹೊತ್ತು ನೀರು ಹರಿಸಿ, ಆಮೇಲೆ 108ಕ್ಕೆ ಕರೆ ಮಾಡಿ. ಇನ್ನೊಬ್ಬರಿದ್ದರೆ ಅವರು ಕರೆ ಮಾಡಲಿ, ನೀರು ನಿಲ್ಲಬಾರದು. ನುಂಗಿದ್ದರೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ.

ಒಣ ಪುಡಿ ಮಾತ್ರ ಬೇರೆ. ಸುಟ್ಟ ಸುಣ್ಣದ ಹಿಟ್ಟೋ ಕಾಸ್ಟಿಕ್ ಸೋಡಾ ಬಿಲ್ಲೆಯೋ ಮೈಮೇಲೆ ಬಿದ್ದರೆ ಮೊದಲು ಕೊಡವಿ, ಆಮೇಲೆ ನೀರು. ಕ್ಷಾರವು ಆಮ್ಲಕ್ಕಿಂತ ಮೋಸಗಾರ. ಆಮ್ಲ ಬಿದ್ದ ಕೂಡಲೇ ಉರಿದು ಕೂಗಿಸುತ್ತದೆ, ಕ್ಷಾರ ಮೊದಲು ಜಾರುಜಾರಾಗಿ ಅನಿಸುತ್ತದೆ ಅಷ್ಟೆ. ಆ ಜಾರಿಕೆ ನಿಮ್ಮದೇ ಚರ್ಮದ ಕೊಬ್ಬು ಸಾಬೂನಾಗುತ್ತಿರುವುದು. ಕಣ್ಣಿಗಂತೂ ಅದು ಆಳಕ್ಕೆ ಇಳಿಯುತ್ತದೆ. ಎಲೆಅಡಿಕೆ ತಟ್ಟೆಯ ಸುಣ್ಣದ ಟ್ಯೂಬನ್ನು ಮಗು ಹಿಸುಕಿದರೆ ಅದು ಚಿಮ್ಮುವುದು ಮಗುವಿನ ಕಣ್ಣಿಗೇ. ಈ ಅಂಕಣ ಓದುವ ಅಜ್ಜ ಅಜ್ಜಿಯರೇ, ತಟ್ಟೆಯನ್ನು ಎತ್ತರದಲ್ಲಿಡಿ.

ಬೆರೆಸುವಾಗ ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ. ಗಟ್ಟಿ ಸಲ್ಫ್ಯೂರಿಕ್ ಆಮ್ಲದ ತೂಕ ನೀರಿನ 1.84 ಪಟ್ಟು. ಅದರ ಮೇಲೆ ನೀರು ಹೊಯ್ದರೆ ನೀರು ಮೇಲೇ ತೇಲಿ, ಅಲ್ಲೇ ಕುದಿದು, ಆಮ್ಲವನ್ನು ಹೊತ್ತು ಮುಖಕ್ಕೆ ಹಾರುತ್ತದೆ. ತಣ್ಣೀರಿನ ಪಾತ್ರೆಯಲ್ಲಿಟ್ಟ ಬೀಕರಿನಲ್ಲಿ ನೀರಿರಲಿ, ಗಾಜಿನ ಕಡ್ಡಿಯ ಮೇಲೆ ಜಾರಿಸುತ್ತಾ ಆಮ್ಲ ಬಿಡಿ, ಕಲಕುತ್ತಿರಿ. ಅಳತೆಯ ಜಾಡಿಯಲ್ಲಿ ಬೆರೆಸಬೇಡಿ, ಅದರ ದಪ್ಪ ತಳ ಶಾಖಕ್ಕೆ ಸೀಳುತ್ತದೆ. ಎರಡೂವರೆ ಲೀಟರಿನ ಬಾಟಲಿಯನ್ನು ಕತ್ತು ಹಿಡಿದು ಮೆಟ್ಟಿಲು ಹತ್ತುವುದನ್ನು ಎಲ್ಲ ಕಾಲೇಜುಗಳಲ್ಲೂ ಕಂಡಿದ್ದೇನೆ. ಪ್ಲಾಸ್ಟಿಕ್ ಬಕೆಟಿನೊಳಗೆ ಇಟ್ಟು ಬಕೆಟಿನ ಹಿಡಿ ಹಿಡಿಯಿರಿ. ಬಾಟಲಿ ಒಡೆದರೆ ಬಕೆಟ್ ತುಂಬುತ್ತದೆ, ನಿಮ್ಮ ಕಾಲು ಉಳಿಯುತ್ತದೆ.

ಕೈಗವಸು ನಿಮ್ಮ ಹಕ್ಕು, ದಯೆಯಲ್ಲ. ಹುಡುಗರು ವಾರಕ್ಕೊಮ್ಮೆ ತೆಳು ಆಮ್ಲ ಮುಟ್ಟುತ್ತಾರೆ, ನೀವು ದಿನವೂ ಗಟ್ಟಿಯದನ್ನು. ಆದರೆ ಯಾವ ಕೈಗವಸು ಎಂಬುದೂ ಮುಖ್ಯ. ಗಟ್ಟಿ ಆಮ್ಲ ಸುರಿಯಲು ಮೊಣಕೈ ಸಮೀಪ ಬರುವ ದಪ್ಪ ರಬ್ಬರಿನದು ಬೇಕು. ಆಸ್ಪತ್ರೆಯ ತೆಳು ಲ್ಯಾಟೆಕ್ಸ್ ಕೈಗವಸು ಧೈರ್ಯ ಕೊಡುತ್ತದೆ, ರಕ್ಷಣೆ ಕೊಡುವುದಿಲ್ಲ. 1996ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಹನಿಗಳು ಬಿದ್ದವು. ಆ ದ್ರವ ಕೈಗವಸನ್ನು ದಾಟಿ ಚರ್ಮಕ್ಕೆ ಇಳಿಯಿತು. ತಿಂಗಳುಗಟ್ಟಲೆ ಏನೂ ತೋರಲಿಲ್ಲ, ಮರುವರ್ಷ ಜೂನ್‌ನಲ್ಲಿ ಅವರು ತೀರಿಕೊಂಡರು. ವಿಷಲೋಹಗಳ ಅಧ್ಯಯನವೇ ಅವರ ಕ್ಷೇತ್ರವಾಗಿತ್ತು. ನಿಮ್ಮ ಕಾಲೇಜಿನಲ್ಲಿ ಆ ವಸ್ತು ಇರುವುದಿಲ್ಲ, ಹೆದರಬೇಡಿ. ಕೈಗವಸು ಕೊಳ್ಳುವವರಿಗೆ ಓದಿ ಹೇಳಲು ಬರೆದಿದ್ದೇನೆ.

ಇನ್ನೊಂದು ಮಾತು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ದಾಳಿಗಳ ಪ್ರಕರಣದಲ್ಲಿ ನೀಡಿದ ಆದೇಶದಂತೆ, ಆಸಿಡ್ ಇಟ್ಟುಕೊಳ್ಳುವ ಶಿಕ್ಷಣ ಸಂಸ್ಥೆಗಳು ಬಳಕೆಯ ಪುಸ್ತಕ ಇಡಬೇಕು, ಅದಕ್ಕೆ ಒಬ್ಬರನ್ನು ಹೊಣೆ ಮಾಡಬೇಕು. ಆ ಹೊಣೆಯವರು ಯಾರು ಎಂದು ಲಿಖಿತವಾಗಿ ಕೇಳಿ. ಅನೇಕ ಕಡೆ ಸಹಿ ಒಬ್ಬರದು, ಬಾಟಲಿ ಇನ್ನೊಬ್ಬರ ಕೈಯಲ್ಲಿ. ಸಹಿ ಹಾಕುವವರಿಗೆ ಕೈಗವಸಿನ ಪಟ್ಟಿಯನ್ನೂ ಕೊಡಿ.

ಪ್ರಶ್ನೆ: ಮಗಳು ಪ್ರಥಮ ಪಿಯುಸಿ. ಲ್ಯಾಬಿಗೆ ಹತ್ತಿಯ ಕೋಟೇ ಬೇಕು, ಸ್ವೆಟರ್ ಹಾಕಿಕೊಂಡು ಬರಬಾರದು ಎನ್ನುತ್ತಾರಂತೆ. ನಮ್ಮೂರ ಚಳಿ ಅವರಿಗೆ ಗೊತ್ತಿಲ್ಲವೇ? ಇದು ಕೋಟು ಮಾರುವವರ ಜೊತೆಗಿನ ಒಳಒಪ್ಪಂದವೇ?
– ಒಬ್ಬ ತಂದೆ, ಶೃಂಗೇರಿ

ಉತ್ತರ: ಒಳಒಪ್ಪಂದ ಇದೆಯೋ ಇಲ್ಲವೋ, ಕೋಟು ಬೇಕೇ ಬೇಕು. ಅಂಗಡಿಯ ಸ್ವೆಟರುಗಳಲ್ಲಿ ಹೆಚ್ಚಿನವು ಉಣ್ಣೆಯವಲ್ಲ, ಅಕ್ರಿಲಿಕ್. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. 2008ರ ಡಿಸೆಂಬರ್ ಕೊನೆಯಲ್ಲಿ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬಳು ಗಾಳಿ ತಾಗಿದರೆ ಹೊತ್ತಿಕೊಳ್ಳುವ ದ್ರವವನ್ನು ಸಿರಿಂಜಿನಲ್ಲಿ ಎಳೆಯುತ್ತಿದ್ದಳು. ಸಿರಿಂಜ್ ಬಿಚ್ಚಿಕೊಂಡಿತು, ಸಿಂಥೆಟಿಕ್ ಸ್ವೆಟರ್ ಹೊತ್ತಿತು, ಮೇಲೆ ಕೋಟು ಇರಲಿಲ್ಲ. ಕೆಲವೇ ವಾರಗಳಲ್ಲಿ ಆಕೆ ತೀರಿಕೊಂಡಳು. ಮಗಳಿಗೆ ಚಳಿಯಾದರೆ ಹತ್ತಿಯ ಬನಿಯನ್ ಒಳಗೆ ಹಾಕಲಿ. ದುಪಟ್ಟಾ ಹೊರಗಿಟ್ಟು, ಜಡೆಯನ್ನು ಕಟ್ಟಿ, ಬೆರಳು ಮುಚ್ಚುವ ಚಪ್ಪಲಿ ಹಾಕಿಕೊಂಡು ಹೋಗಲಿ. ಮಳೆಗಾಲದಲ್ಲಿ ರಬ್ಬರ್ ಸ್ಯಾಂಡಲ್ ಧರಿಸುವುದು ನಮ್ಮ ಕಡೆ ವಾಡಿಕೆ, ಆದರೆ ಆಸಿಡ್ ಬೀಳುವುದು ಪಾದದ ಮೇಲೇ. ಕೋಟನ್ನು ದರ್ಜಿಯ ಹತ್ತಿರ ಹೊಲಿಸಿ, ಅಂಗಡಿಯದಕ್ಕಿಂತ ಅಗ್ಗ. ಬಟ್ಟೆ ಶುದ್ಧ ಹತ್ತಿಯೇ ಎಂದು ತಿಳಿಯಲು ಅದರ ಎಳೆಯೊಂದನ್ನು ಚಿಮಟಿಗೆಯಲ್ಲಿ ಹಿಡಿದು ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಗುಂಡಾಗಿ ಗಟ್ಟಿಯಾಗುತ್ತದೆ.

ಪ್ರಶ್ನೆ: ಥರ್ಮಾಮೀಟರ್ ಒಡೆದು ಪಾದರಸ ರೆಡ್ ಆಕ್ಸೈಡ್ ನೆಲದ ಬಿರುಕಿಗೆ ಹೋಗಿದೆ. ಮಕ್ಕಳು ಮುತ್ತಿನಂತಿದೆ ಎಂದು ಆಡುತ್ತಿದ್ದರು. ತೊಂದರೆಯಿದೆಯೇ?
– ತೀರ್ಥಹಳ್ಳಿ

ಉತ್ತರ: ಆಟ ನಿಲ್ಲಿಸಿ, ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ. ಒಂದು ಥರ್ಮಾಮೀಟರಿನಷ್ಟಕ್ಕೆ ಗಾಬರಿ ಬೇಡ. ಮುಟ್ಟಿದ್ದಕ್ಕಿಂತ ಅದರ ಆವಿಯನ್ನು ದಿನಗಟ್ಟಲೆ ಉಸಿರಾಡುವುದು ಕೆಟ್ಟದ್ದು, ಅದಕ್ಕೇ ಬಿರುಕಿನಲ್ಲಿ ಬಿಡಬಾರದು. ಮೊದಲು ಕೈಯ ಚಿನ್ನದ ಉಂಗುರ ತೆಗೆದಿಡಿ. ಪಾದರಸ ತಾಗಿದರೆ ಚಿನ್ನ ಬೆಳ್ಳಗಾಗಿ, ಆಮೇಲೆ ಅಕ್ಕಸಾಲಿಗರ ಮನೆಗೆ ಅಲೆದಾಟ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ, ಹನಿಯನ್ನು ಇನ್ನಷ್ಟು ಸಣ್ಣದಾಗಿ ಒಡೆಯುತ್ತವೆ. ದಪ್ಪ ಕಾಗದದಿಂದ ಹನಿಗಳನ್ನು ಒಂದುಗೂಡಿಸಿ, ಡ್ರಾಪರಿನಿಂದ ಹೀರಿ, ನೀರಿರುವ ಬಾಟಲಿಗೆ ಬಿಟ್ಟು ಮುಚ್ಚಿ. ಅದು ನೀರಿಗಿಂತ 13.6 ಪಟ್ಟು ಭಾರ, ತಳ ಸೇರುತ್ತದೆ, ಮೇಲಿನ ನೀರು ಆವಿಯನ್ನು ತಡೆಯುತ್ತದೆ. ಬಿರುಕಿಗೆ ಗಂಧಕದ ಪುಡಿ ತುಂಬಿ ಒಂದು ದಿನ ಬಿಟ್ಟು, ಒದ್ದೆ ಕಾಗದದಿಂದ ತೆಗೆದು ಅದೇ ಬಾಟಲಿಗೆ ಹಾಕಿ. ಮೋರಿಗೂ ಬೇಡ, ಬಚ್ಚಲ ಒಲೆಗಂತೂ ಬೇಡವೇ ಬೇಡ.

ಪ್ರಶ್ನೆ: ಗಾಜಿನ ಸಾಮಾನು ತೊಳೆಯಲು ಕ್ರೋಮಿಕ್ ಆಸಿಡ್ಡನ್ನೇ ಬಳಸಬೇಕು ಎನ್ನುತ್ತಾರೆ ನಮ್ಮ ಹಿರಿಯರು. ಉಳಿದ ದ್ರಾವಣಗಳನ್ನೆಲ್ಲ ಒಂದೇ ದೊಡ್ಡ ಬಾಟಲಿಗೆ ತುಂಬುತ್ತೇವೆ. ಸರಿಯೇ?
– ಎಂ.ಎಸ್ಸಿ. ವಿದ್ಯಾರ್ಥಿ, ಭದ್ರಾವತಿ

ಉತ್ತರ: ಎರಡೂ ತಪ್ಪು, ಎರಡನೆಯದು ಹೆಚ್ಚು ತಪ್ಪು. ಕ್ರೋಮಿಕ್ ಆಮ್ಲದಲ್ಲಿರುವ ಆರನೆಯ ಸ್ಥಿತಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಬಿಸಿನೀರು, ಸಾಬೂನು, ಕುಂಚ, ರಾತ್ರಿಯಿಡೀ ನೆನೆಸುವ ತಾಳ್ಮೆ ಇದ್ದರೆ ನೂರಕ್ಕೆ ತೊಂಬತ್ತು ಪಾಲು ಅದರ ಅಗತ್ಯವೇ ಬೀಳುವುದಿಲ್ಲ. ಆ ದೊಡ್ಡ ಬಾಟಲಿಗೆ ನೈಟ್ರಿಕ್ ಆಮ್ಲವೂ ಹೋಗುತ್ತದೆ, ಅಸಿಟೋನೋ ಸ್ಪಿರಿಟ್ಟೋ ಹೋಗುತ್ತದೆ ಅಲ್ಲವೇ? ಅವು ಸೇರಿದಾಗ ಮೊದಲು ಏನೂ ಆಗದಂತೆ ಕಾಣುತ್ತದೆ. ಮುಚ್ಚಳ ಬಿಗಿದು ಮನೆಗೆ ಹೋಗುತ್ತೀರಿ, ಒಳಗೆ ಅನಿಲ ತುಂಬುತ್ತಾ ಬಿಸಿಯೇರುತ್ತಾ ರಾತ್ರಿ ಬಾಟಲಿ ಸಿಡಿಯುತ್ತದೆ. ಆಮ್ಲಕ್ಕೊಂದು, ದ್ರಾವಕಕ್ಕೊಂದು, ಭಾರಲೋಹಕ್ಕೊಂದು ಬಾಟಲಿ ಇಡಿ. ಬೆಳ್ಳಿ ಕನ್ನಡಿ ಪರೀಕ್ಷೆಯ ಟಾಲೆನ್ಸ್ ದ್ರಾವಣವನ್ನು ಮಾತ್ರ ಯಾವ ಬಾಟಲಿಗೂ ತುಂಬಿಡಬೇಡಿ. ಇಟ್ಟರೆ ಅದರಲ್ಲಿ ಸಿಡಿಯುವ ಬೆಳ್ಳಿಯ ಸಂಯುಕ್ತ ಕಟ್ಟುತ್ತದೆ. ಪರೀಕ್ಷೆ ಮುಗಿದ ಕೂಡಲೇ ತೆಳು ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡಿ, ಆಮೇಲೆ ಭಾರಲೋಹಕ್ಕೆಂದು ಇಟ್ಟ ಬಾಟಲಿಗೆ. ಪ್ರತಿ ರಾಸಾಯನಿಕದ ಜೊತೆ ಬರುವ ಸುರಕ್ಷತಾ ಮಾಹಿತಿ ಪತ್ರದಲ್ಲಿ 16 ವಿಭಾಗಗಳಿರುತ್ತವೆ. ಎಲ್ಲವನ್ನೂ ಓದುವ ಸಹನೆ ಇಲ್ಲದಿದ್ದರೆ 4, 8, 10 ಮತ್ತು 13ನ್ನಾದರೂ ಓದಿ: ಪ್ರಥಮ ಚಿಕಿತ್ಸೆ, ಏನು ಧರಿಸಬೇಕು, ಯಾವುದರ ಜೊತೆ ಸೇರಬಾರದು, ಎಲ್ಲಿಗೆ ಎಸೆಯಬೇಕು. ಹಿರಿಯರಿಗೂ ಓದಿಸಿ.

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿರುವ ನೆಂಟರೊಬ್ಬರು ಹಳೆಯ ಮೈಲುತುತ್ತದ (ಕಾಪರ್ ಸಲ್ಫೇಟ್) ಬಾಟಲಿಗಳನ್ನು ಕೊಡುತ್ತೇನೆ ಎನ್ನುತ್ತಾರೆ. ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು ಬಳಸಬಹುದೇ? ಕೆಲವು ನೀಲಿ, ಒಂದು ಬಿಳಿ.
– ಬೆಳೆಗಾರ, ಹೊಸನಗರ

ಉತ್ತರ: ಸಂಸ್ಥೆಯ ಸಾಮಾನನ್ನು ನೆಂಟರು ದಾನ ಮಾಡಬಹುದೇ ಎಂಬ ಪ್ರಶ್ನೆ ಅವರಿಗೆ ಬಿಟ್ಟೆ. ಚೀಟಿ ಇಲ್ಲದ ನೀಲಿ ಹರಳನ್ನು ತರಬೇಡಿ, ನೀಲಿ ಬಣ್ಣವೆಲ್ಲ ತುತ್ತವಲ್ಲ. ಬಿಳಿಯದು ನೀರಿನಂಶ ಕಳೆದ ತುತ್ತವೇ ಆಗಿದ್ದರೆ ನೀಲಿಯ 1 ಕಿಲೋಗೆ ಅದರ 640 ಗ್ರಾಂ ಸಮ. ಲೆಕ್ಕ ತಪ್ಪಿದರೆ ಹಿಂಗಾರ ಸುಡುತ್ತದೆ. ಅರ್ಧ ಅರ್ಧ ಕಿಲೋ ಬಾಟಲಿಗಳಿಂದ ನಿಮ್ಮ ತೋಟಕ್ಕೆ ಎಷ್ಟು ಉಳಿತಾಯವಾದೀತು? ಅಂಗಡಿಯದನ್ನೇ ತನ್ನಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ, ಕಬ್ಬಿಣದ ಡ್ರಮ್ಮಿನಲ್ಲಲ್ಲ, ಪ್ಲಾಸ್ಟಿಕ್ಕಿನದರಲ್ಲಿ. ಸುಣ್ಣದ ತಿಳಿಗೆ ತುತ್ತದ ನೀರು ಬಿಡಿ, ತಿರುವುಮುರುವು ಬೇಡ. ಆಮೇಲೆ ತಿಕ್ಕಿ ಹೊಳಪು ಮಾಡಿದ ಚಾಕುವಿನ ಅಲಗನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗು ಕೆಂಪೇರಿದರೆ ತಾಮ್ರ ಬಿಡಿಯಾಗಿದೆ ಎಂದರ್ಥ, ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಿ ನೋಡಿ. ಮರದ ಮೇಲಿಂದ ಔಷಧಿ ಹೊಡೆಯುವ ಕೊನೆಗಾರರಿಗೆ ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಕೊಡಿಸಿ, ಇಳಿದ ಕೂಡಲೇ ತೊಳೆದುಕೊಳ್ಳಲು ಬುಡದಲ್ಲೇ ಒಂದು ಕೊಡ ಶುದ್ಧ ನೀರು ಇಟ್ಟಿರಿ.